ಆಟದ ಮೇಜಿಗೂ ಒಬ್ಬ ಭಾಗವತ ಬೇಕು

ಸ್ಯಾನ್ ಹೊಸೆ: ಬೇಸಿಗೆಯಲ್ಲಿ ಇಲ್ಲಿ ಶನಿವಾರ ರಾತ್ರಿ 8 ಗಂಟೆ ಎಂದರೆ ಊರಲ್ಲಿ ಭಾನುವಾರ ಬೆಳಿಗ್ಗೆ 8.30. ಪುತ್ತೂರಿನಿಂದ ಅಜ್ಜ ವಿಡಿಯೊ ಕರೆ ಮಾಡುವ ಹೊತ್ತು. ‘ಮೊಮ್ಮಗ ಎಲ್ಲಿ?’ ಎಂದರೆ ನಮ್ಮ ಉತ್ತರ ಯಾವಾಗಲೂ ಒಂದೇ: ‘ಆಟದಲ್ಲಿದ್ದಾನೆ.’ ಕೋಣೆಯೊಳಗಿಂದ ನಗು, ಕೂಗು, ದಾಳ ಉರುಳುವ ಸದ್ದು ಕೇಳುತ್ತಿರುತ್ತದೆ. ಒಳಗೆ ಇಣುಕಿದರೆ ಅವನೊಬ್ಬನೇ.

ಅವನು ಆಡುವುದು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಮಾರುಕಟ್ಟೆಗೆ ಬಂತು. ಪ್ರತಿಯೊಬ್ಬರಿಗೂ ಒಂದು ಪಾತ್ರ. ಒಬ್ಬ ಬಿಲ್ಲುಗಾರ, ಇನ್ನೊಬ್ಬಳು ಮಂತ್ರವಾದಿ. ‘ಡಂಜನ್ ಮಾಸ್ಟರ್’ ಕಥೆ ಹೇಳುತ್ತಾ ಹೋಗುತ್ತಾರೆ, ಉಳಿದವರು ಆಯಾ ಪಾತ್ರವಾಗಿ ಮಾತನಾಡುತ್ತಾರೆ. ಏಟು ತಾಗಿತೋ ತಪ್ಪಿತೋ ಎಂಬುದನ್ನು 20 ಮುಖಗಳ ದಾಳ ನಿರ್ಧರಿಸುತ್ತದೆ. ಹಿಂದೆ ಮೇಜಿನ ಸುತ್ತ ಕೂತು ಆಡುತ್ತಿದ್ದುದನ್ನು ಈಗ ಅನೇಕ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಆನ್‌ಲೈನ್‌ನಲ್ಲಿ ಆಡುತ್ತಾರೆ. ಕೋವಿಡ್ ಕಾಲದಲ್ಲಿ ಇದು ಇನ್ನಷ್ಟು ಬೆಳೆಯಿತು.

ಕಳೆದ ವರ್ಷ ಒಂದು ರಾತ್ರಿ ಮಗ ಅರ್ಧಕ್ಕೇ ಎದ್ದು ಬಂದ. ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಹೇಳಿದ: ‘ಅಮ್ಮ, ನಾನು ಆಡುವಾಗ ಕನ್ನಡದಲ್ಲಿ ಕೂಗಬೇಡ.’

ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು. ‘ಊಟಕ್ಕೆ ಬಾರೋ’ ಎಂದು ಅಮ್ಮ ಕರೆದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತ್ತು. ಒಬ್ಬ ಆಟಗಾರ ಅದನ್ನು ವಿಕಾರವಾಗಿ ಅಣಕಿಸಿದ್ದ. ಮತ್ತಿಬ್ಬರು ನಕ್ಕಿದ್ದರು.

ನಮಗೆ ಮೊದಲು ತೋಚಿದ್ದು ಲ್ಯಾಪ್‌ಟಾಪ್ ಕಿತ್ತಿಡುವುದು. ಅವನು ಒಂದೇ ಮಾತು ಕೇಳಿದ: ‘ತಪ್ಪು ಮಾಡಿದ್ದು ಅವನು, ಆಟ ಹೋಗುವುದು ನನ್ನದಾ?’ ನಮ್ಮ ಬಳಿ ಉತ್ತರ ಇರಲಿಲ್ಲ.

ಮರುದಿನ ಗುಂಪಿನ ಮಾಡರೇಟರ್‌ಗೆ ಅವನೇ ಬರೆದ. ಆಕೆ ಕಾಲೇಜು ವಿದ್ಯಾರ್ಥಿನಿ, ಸಂಬಳವಿಲ್ಲದೆ ಈ ಕೆಲಸ ಮಾಡುವವರು. ಮೊದಲು ಎಲ್ಲರನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಅಣಕಿಸಿದವನನ್ನು ಎರಡು ವಾರ ಹೊರಗಿಟ್ಟರು. ಮತ್ತೆ ಹಾಗೆ ಮಾಡಿದರೆ ಕಾಯಂ ಹೊರಗೆ ಎಂದು ತಿಳಿಸಿದರು. ನಕ್ಕ ಇಬ್ಬರಿಗೂ ಒಂದು ಮಾತು ಹೇಳಿದರು. ಯಾರನ್ನೂ ಎಲ್ಲರೆದುರು ಬೈಯಲಿಲ್ಲ. ಆ ಹುಡುಗ ಹಿಂತಿರುಗಿದ ಮೇಲೆ ಮಗನಲ್ಲಿ ಕ್ಷಮೆ ಕೇಳಿದ. ಸ್ನೇಹಿತರಾಗಿಲ್ಲ, ಆದರೆ ಒಟ್ಟಿಗೆ ಆಡುತ್ತಾರೆ.

ಆಮೇಲೆ ನಾವೂ ಈ ಲೋಕವನ್ನು ಸ್ವಲ್ಪ ತಿಳಿದುಕೊಂಡೆವು. ಒಳ್ಳೆಯ ಗುಂಪುಗಳು ಕಥೆ ಶುರುವಾಗುವ ಮೊದಲೇ ‘ಸೆಷನ್ ಝೀರೋ’ ಎಂದು ಒಮ್ಮೆ ಸೇರಿ, ಏನು ನಡೆಯಬಹುದು, ಏನು ಕೂಡದು ಎಂದು ಮಾತಾಡಿಕೊಳ್ಳುತ್ತವೆ. ಜಾನ್ ಸ್ಟಾವ್ರೊಪೌಲಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಎಂಬುದೂ ಇದೆ. ಕಥೆಯಲ್ಲಿ ಮನಸ್ಸಿಗೆ ಹಿಂಸೆಯಾಗುವಂಥದ್ದು ಬಂದರೆ ಆ ಕಾರ್ಡ್ ಮುಟ್ಟಿದರೆ ಸಾಕು, ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಕಾರಣ ಹೇಳಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ‘ಎಕ್ಸ್’ ಎಂದು ಟೈಪ್ ಮಾಡುತ್ತಾರೆ.

ಇಂಥ ಗುಂಪುಗಳು ಹೆಚ್ಚಾಗಿ ಸೇರುವ ಡಿಸ್ಕಾರ್ಡ್‌ನ ಕಚೇರಿ ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇದೆ. 13 ವರ್ಷ ತುಂಬದವರಿಗೆ ಅಲ್ಲಿ ಖಾತೆ ಇಲ್ಲ. 2023ರಲ್ಲಿ ಅದು ತಂದ ‘ಫ್ಯಾಮಿಲಿ ಸೆಂಟರ್’ನಲ್ಲಿ ಮಗು ಯಾವ ಗುಂಪು ಸೇರಿದೆ, ಯಾರೊಂದಿಗೆ ಮಾತಾಡಿದೆ ಎಂಬುದು ಹೆತ್ತವರಿಗೆ ಕಾಣುತ್ತದೆ, ಏನು ಮಾತಾಡಿತು ಎಂಬುದು ಕಾಣುವುದಿಲ್ಲ. ಕೆಟ್ಟ ಪದ ಬರೆದರೆ ತಡೆಯುವ ಯಂತ್ರಗಳೂ ಇವೆ. ಆದರೆ ‘ಊಟಕ್ಕೆ ಬಾರೋ’ ಎಂಬುದರಲ್ಲಿ ಕೆಟ್ಟ ಪದ ಯಾವುದಿದೆ? ಅಣಕವನ್ನು ಗುರುತಿಸಲು ಮನುಷ್ಯರೇ ಬೇಕು.

ಇದನ್ನೆಲ್ಲ ಅಜ್ಜನಿಗೆ ವಿವರಿಸಿದಾಗ ಅವರು ನಕ್ಕರು. ‘ಇದು ನಮ್ಮ ತಾಳಮದ್ದಳೆಯೇ ಅಲ್ವಾ ಮಾರಾಯ!’

ಹೌದಲ್ಲ! ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬ ಕರ್ಣ, ಇನ್ನೊಬ್ಬ ಶಲ್ಯ. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಿದ್ದು. ಪಾತ್ರಗಳು ಎಷ್ಟೇ ಕಚ್ಚಾಡಿದರೂ ಅರ್ಥಧಾರಿಗಳು ಆಮೇಲೆ ಒಟ್ಟಿಗೆ ಚಹಾ ಕುಡಿಯುತ್ತಾರೆ. ಮಾತು ಪಾತ್ರ ಬಿಟ್ಟು ವ್ಯಕ್ತಿಯ ಮೇಲೆ ಹೋದರೆ? ‘ಭಾಗವತರು ಮುಂದಿನ ಪದ ಎತ್ತುತ್ತಾರೆ. ಅಲ್ಲಿಗೆ ಮುಗೀತು’ ಎಂದರು ಅಜ್ಜ. ಆ ಮಾಡರೇಟರ್ ಮಾಡಿದ್ದೂ ಅದನ್ನೇ.

ಊರಿನಲ್ಲಿರುವ ಅಜ್ಜ–ಅಜ್ಜಿಯರಿಗೆ ನಮ್ಮದೊಂದು ವಿನಂತಿ. ‘ಯಾವಾಗ ನೋಡಿದರೂ ಕಂಪ್ಯೂಟರ್’ ಎಂದು ಮೊಮ್ಮಕ್ಕಳನ್ನು ಗದರುವ ಬದಲು, ‘ನಿನ್ನ ಪಾತ್ರ ಯಾವುದು? ಆಟ ನಡೆಸುವವರು ಯಾರು? ಯಾರಾದರೂ ನೋಯಿಸಿದರೆ ಯಾರಿಗೆ ಹೇಳುತ್ತೀ?’ ಎಂದು ಕೇಳಿ. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮಾತ್ರ ಗುಂಪು ಬದಲಿಸಲು ಹೇಳಿ.

ನಮ್ಮ ಮನೆಯಲ್ಲಿ ಕೆಲವು ತಿಂಗಳು ಅಮ್ಮ ಕೋಣೆಯ ಬಾಗಿಲು ತಟ್ಟಿ, ಸನ್ನೆ ಮಾಡಿ ಊಟಕ್ಕೆ ಕರೆಯುತ್ತಿದ್ದಳು. ಮೊನ್ನೆ ಮರೆತು ಅಡುಗೆ ಮನೆಯಿಂದಲೇ ಕೂಗಿಬಿಟ್ಟಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಳಗಿನಿಂದ, ಮೈಕ್ ಆನ್ ಇರುವಾಗಲೇ, ಉತ್ತರ ಬಂತು: ‘ಬಂದೆ ಅಮ್ಮಾ, ಎರಡು ನಿಮಿಷ!’