ಮುಪ್ಪಡರಿದ ಕಾಂಕ್ರೀಟು ಸೇತುವೆಗಳ ಸ್ಥಿತಿಪರೀಕ್ಷೆ

೨೦೨೪ನೆಯ ಆಗಸ್ಟ್ ೭ರಂದು ನಡುರಾತ್ರಿ ಕಳೆದ ಮೇಲೆ ಕಾರವಾರದ ಬಳಿಯ ಕಾಳೀ ನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ಹೊಳೆಗೆ ಬಿದ್ದಿತು, ಚಾಲಕನು ಪಾರಾದನು. ಇಂತಹ ಸೇತುವೆಗಳ ಒಳಗಣ ಸ್ಥಿತಿಯನ್ನು ಮೊದಲೇ ಅರಿಯುವ ಬಗೆಯನ್ನು ಇಲ್ಲಿ ವಿವೇಚಿಸುತ್ತೇವೆ.

ಕಾಂಕ್ರೀಟಿನ ಕ್ಷಾರಗುಣವೇ ಉಕ್ಕಿನ ಸರಳುಗಳಿಗೆ ಕವಚ. ಗಾಳಿಯ ಇಂಗಾಲದ ಡೈಆಕ್ಸೈಡು ಈ ಗುಣವನ್ನು ಕುಂದಿಸುತ್ತದೆ; ಕಡಲಿನ ಉಪ್ಪಾದರೋ ಕ್ಷಾರಗುಣ ಉಳಿದಿರುವಾಗಲೇ ಕವಚವನ್ನು ಭೇದಿಸುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಎಡೆಯನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ. ಬಿರುಕು ಕಣ್ಣಿಗೆ ಬೀಳುವ ವೇಳೆಗೆ ಕಾಲ ಮೀರಿರುವುದೂ ಉಂಟು.

ಹೊಸದಾಗಿ ಒಡೆದ ಮೈಗೆ ಫೀನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರೆ ಕ್ಷಾರವುಳಿದ ಭಾಗ ಕೆಂಪೇರುತ್ತದೆ. ಅಳಿದ ಭಾಗಕ್ಕೆ ಬಣ್ಣ ಬಾರದು. ಉಪ್ಪಿನ ಹಾವಳಿಯನ್ನು ಮಾತ್ರ ಈ ಪರೀಕ್ಷೆ ತೋರಿಸಲಾರದು. ಅಲ್ಲಿ ತಾಮ್ರ ಮತ್ತು ತಾಮ್ರದ ಸಲ್ಫೇಟಿನ ಅರ್ಧಕೋಶದಿಂದ ಸರಳಿನ ವಿಭವವನ್ನು ಅಳೆಯಬೇಕು. ಅದು ಋಣ ೩೫೦ ಮಿಲಿವೋಲ್ಟಿಗಿಂತ ಕೆಳಗಿಳಿದಲ್ಲಿ ತುಕ್ಕು ನಡೆಯುತ್ತಿರುವ ಸಂಭವ ಶೇಕಡಾ ೯೦ಕ್ಕೂ ಹೆಚ್ಚೆಂದು ಎಣಿಸುವುದು ವಾಡಿಕೆ. ಎಷ್ಟು ಉಕ್ಕು ನಷ್ಟವಾಗಿದೆಯೆಂಬುದನ್ನು ಆ ಅಂಕಿ ಹೇಳದು. ಕೊಳವೆಯೊಳಗೆ ಬಿಗಿದ ತಂತಿಗಳಂತೂ ಅದರ ಎಟುಕಿಗೇ ಸಿಕ್ಕವು. ಸುತ್ತಿಗೆಯಿಂದ ತಟ್ಟಿ ಟೊಳ್ಳುಸದ್ದನ್ನು ಆಲಿಸುವ ಹಳೆಯ ಕ್ರಮವನ್ನು, ಅಗ್ಗವೆಂಬ ಕಾರಣದಿಂದ, ನಾವು ಕೀಳ್ಗಳೆಯಲಾರೆವು. ವಿಭವದ ನಕ್ಷೆಯೂ ಟೊಳ್ಳಿನ ಗುರುತೂ ಒಂದೇ ತೊಲೆಯಲ್ಲಿ ಕೂಡಿಬಂದರೆ ದುರಸ್ತಿಯು ಅಲ್ಲಿಂದಲೇ ಮೊದಲಾಗತಕ್ಕದ್ದು.