ಹೇಡೀಸ್, ಪಾತಾಳ ಮತ್ತು ಪುನರುತ್ಥಾನದ ಪ್ರಸಂಗ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ 'ಹೇಡೀಸ್' ಎಂಬ ಪದವನ್ನು ಅಪೊಸ್ತಲರು ಹೊಸದಾಗಿ ಸೃಷ್ಟಿಸಲಿಲ್ಲ. ಗ್ರೀಕ್ ಪುರಾಣಗಳಲ್ಲಿ ಅದು ಸತ್ತವರ ಲೋಕಕ್ಕೂ ಅದರ ಅರಸನಿಗೂ ಇದ್ದ ಹೆಸರು. ಸೆಪ್ಟುಅಜಿಂಟ್ ಭಾಷಾಂತರಕಾರರು ಇಬ್ರಿಯದ 'ಷೆಯೋಲ್' ಪದಕ್ಕೆ ಇದನ್ನೇ ಬಳಸಿದರು; ಕನ್ನಡ ಸತ್ಯವೇದದಲ್ಲಿ ಅದು 'ಪಾತಾಳ'ವಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸೇವೆ ಮಾಡುವ ಬೋಧಕನು ಶವಸಂಸ್ಕಾರದ ವೇಳೆ ಈ ಪದವನ್ನು ಉಚ್ಚರಿಸಿದಾಗ ಕೇಳುವವರ ಮನಸ್ಸಿಗೆ ಏನು ಮುಟ್ಟುತ್ತದೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ನಮ್ಮ ನಾಡಿನ ಪುರಾಣಗಳಲ್ಲಿ ಪಾತಾಳವು ಸತ್ತವರ ಲೋಕವಲ್ಲ. ಅದು ಏಳು ಅಧೋಲೋಕಗಳಲ್ಲಿ ಕೊನೆಯದು, ನಾಗರ ಐಶ್ವರ್ಯದ ನೆಲೆ. ವಾಮನನು ಬಲಿಯನ್ನು ತುಳಿದದ್ದು ಅಲ್ಲಿಗೆ. ದೀಪಾವಳಿಯ ಪಾಡ್ಯದಂದು ಅವನು ಮರಳಿ ಬರುವನೆಂದು ಜನರು ನಂಬುತ್ತಾರೆ. ಸತ್ತವರು ಸೇರುವುದು ಯಮಲೋಕವನ್ನು. ಇತ್ತ ಸಭೆಯವರಿಗೆ ಐಶ್ವರ್ಯವಂತನ ಮತ್ತು ಲಾಜರನ ಸಾಮ್ಯದ ದೆಸೆಯಿಂದ (ಲೂಕ 16:23) ಪಾತಾಳವೆಂದರೆ ಯಾತನೆಯ ನರಕವೆಂದೇ ತೋರುತ್ತದೆ. ಗಂಡನನ್ನು ಮಣ್ಣಿಗಿಟ್ಟು ನಿಂತವಳು ಹೀಗೆ ಅರ್ಥಮಾಡಿಕೊಂಡರೆ ಸಾಂತ್ವನದ ಮಾತೇ ತೀರ್ಪಾಗಿಬಿಡುತ್ತದೆ.

ಆದುದರಿಂದ ಗ್ರೀಕರ ಕಥೆಗಳನ್ನು ಬೋಧಕನು ಬಲ್ಲವನಾಗಿರಬೇಕು. ಹೋಮರನ 'ಒಡಿಸ್ಸಿ'ಯ 11ನೆಯ ಸರ್ಗದಲ್ಲಿ ಒಡಿಸ್ಸಿಯಸನು ಸತ್ತ ತಾಯಿಯನ್ನು ಮೂರು ಬಾರಿ ಅಪ್ಪಿಕೊಳ್ಳಲು ಹೋಗುತ್ತಾನೆ. ಮೂರು ಬಾರಿಯೂ ಅವಳು ನೆರಳಿನಂತೆ ಜಾರುತ್ತಾಳೆ. ಸತ್ತವರಿಗೆಲ್ಲ ಅರಸನಾಗಿರುವುದಕ್ಕಿಂತ ಬಡ ಒಕ್ಕಲಿಗನ ಹೊಲದಲ್ಲಿ ಕೂಲಿಯಾಳಾಗಿ ಬದುಕುವುದೇ ಲೇಸೆಂದು ವೀರ ಅಕಿಲೀಸನು ಹೇಳುತ್ತಾನೆ. ಅಲ್ಲಿ ದಂಡನೆಗೆ ಒಳಗಾದವರು ಕೆಲವರೇ. ಉಳಿದ ಒಳ್ಳೆಯವರೂ ಕೆಟ್ಟವರೂ ಒಂದೇ ಮಬ್ಬಿನಲ್ಲಿರುತ್ತಾರೆ. ಹೇಡೀಸಿನ ನಿಜವಾದ ಭಯವು ಬೆಂಕಿಯಲ್ಲ, ಅಗಲಿಕೆ.

ಈ ಕಥೆಗಳನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಬಿ.ಎಂ.ಶ್ರೀಯವರು ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ 'ಅಶ್ವತ್ಥಾಮನ್' (1929) ರಚಿಸಿದರು. ಆ ದಾರಿ ಅಲ್ಲಿ ಸಫಲವಾಯಿತು. ಆದರೆ ಹೇಡೀಸನನ್ನು ಯಮನನ್ನಾಗಿ ಮಾಡಿದರೆ ಕಥೆ ಕೆಡುತ್ತದೆಂದು ನಾವು ಭಾವಿಸುತ್ತೇವೆ. ಸಾವಿತ್ರಿಯ ಕಥೆಯನ್ನು ಬಲ್ಲ ಶ್ರೋತೃವು ಪತ್ನಿಯನ್ನು ಕರೆತರಲು ಇಳಿದ ಆರ್ಫಿಯಸನೂ ಗೆಲ್ಲುವನೆಂದು ಕಾಯುತ್ತಾನೆ. ಆರ್ಫಿಯಸನಾದರೋ ಹೊಸ್ತಿಲ ಬಳಿ ಹಿಂದಿರುಗಿ ನೋಡಿ ಅವಳನ್ನು ಮತ್ತೆ ಕಳೆದುಕೊಳ್ಳುತ್ತಾನೆ. ಆ ಸೋಲನ್ನು ಸೋಲಾಗಿಯೇ ಹೇಳಬೇಕು.

ಪರ್ಸೆಫೊನಿಯ ಕಥೆಯು ಬೇರೆ ಬಗೆಯದು. ಅವಳು ತಾಯಿ ಡಿಮೀಟರಳ ಬಳಿಗೆ ಮರಳುತ್ತಾಳೆ. ಆದರೆ ವರ್ಷಕ್ಕೊಮ್ಮೆ ಮತ್ತೆ ಕೆಳಗಿಳಿಯಲೇಬೇಕು. ಸವದತ್ತಿಯ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಜಮದಗ್ನಿಯ ಮರಣವನ್ನು ನೆನೆದು ಹೊಸ್ತಿಲ ಹುಣ್ಣಿಮೆಗೆ ದೇವಿಯ ಬಳೆ ಒಡೆಯುತ್ತದೆ. ಮುತ್ತೈದೆ ಹುಣ್ಣಿಮೆಗೆ ಅವಳು ಮತ್ತೆ ಬಳೆ ತೊಡುತ್ತಾಳೆ. ಮರುವರ್ಷ ಮತ್ತದೇ ದುಃಖ. ನೆರೆಯವರ ಆಚರಣೆಯನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸತ್ತವನು ಮರಳಿ ಬರಬೇಕೆಂಬ ಹೆಂಗಸರ ಹಂಬಲ ಅಲ್ಲಿ ಎದ್ದು ಕಾಣುತ್ತದೆ. ಆ ಹಂಬಲಕ್ಕೆ ಕಿವಿಗೊಡದವನು ಪುನರುತ್ಥಾನವನ್ನು ಸಾರಲು ಅರ್ಹನಲ್ಲ.

ಪಂಚಾಶತ್ತಮ ದಿನದ ಪ್ರಸಂಗದಲ್ಲಿ ಪೇತ್ರನು ಕೀರ್ತನೆ 16ನ್ನು ಆಧರಿಸಿ, ಕ್ರಿಸ್ತನು ಹೇಡೀಸಿನಲ್ಲಿ ಬಿಡಲ್ಪಡಲಿಲ್ಲವೆಂದು ಸಾಕ್ಷಿ ಹೇಳುತ್ತಾನೆ (ಅ.ಕೃ. 2:27-31). ಆತನು ಸತ್ತವರ ಲೋಕಕ್ಕೆ ಇಳಿದನೆಂಬ ಅಪೊಸ್ತಲರ ವಿಶ್ವಾಸಪ್ರಮಾಣದ ಮಾತಿಗೂ ಇಲ್ಲಿಯೇ ತೂಕ ಬರುತ್ತದೆ. ಆತನು ಮತ್ತೆ ಸಾಯುವುದಿಲ್ಲ (ರೋಮಾ. 6:9); ಹೇಡೀಸಿನ ಬೀಗದ ಕೈಗಳು ಆತನಲ್ಲಿವೆ (ಪ್ರಕ. 1:18), ಕೊನೆಗೆ ಹೇಡೀಸ್ ತನ್ನೊಳಗಿದ್ದ ಸತ್ತವರನ್ನು ಒಪ್ಪಿಸಿ ತಾನೇ ಇಲ್ಲವಾಗುತ್ತದೆ (ಪ್ರಕ. 20:13-14). ಅಂದಮೇಲೆ ಹೇಡೀಸ್ ಶಾಶ್ವತ ನರಕವಲ್ಲ, ಬರಿದಾಗಲಿರುವ ಮನೆ.

ನಮ್ಮ ಹಳ್ಳಿಗಳಲ್ಲಿ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಕೊಕ್ಕೆಗೆ ಪಾತಾಳಗರಡಿ ಎಂದು ಹೆಸರು. ಅದು ಕೆಳಗಿಳಿಯುವುದು ಬಿದ್ದದ್ದನ್ನು ಮೇಲೆ ತರುವುದಕ್ಕಾಗಿಯೇ. ಶವಸಂಸ್ಕಾರದಲ್ಲಿ 'ಪಾತಾಳ' ಎಂಬ ಪದವನ್ನು ಓದುವ ಬೋಧಕನು ಕೇಳುವವರಿಗೆ ಮೊದಲು ಈ ಅರ್ಥವನ್ನು ತಿಳಿಸಲಿ.