ಮಾರುವವರ ಮೌನಕ್ಕೆ ಕಾನೂನು ಇಟ್ಟ ಹೆಸರು

ಕ್ರಯಪತ್ರ ಮುಗಿಯುವ ಹೊತ್ತಿಗೆ ಒಂದು ಒಕ್ಕಣೆ ಬಂದೇ ಬರುತ್ತದೆ. ಸದರಿ ಸ್ವತ್ತಿನ ಮೇಲೆ ಯಾವ ಸಾಲ, ಜಾಮೀನು, ಜಪ್ತಿ, ಕೋರ್ಟು ವ್ಯಾಜ್ಯವೂ ಇರುವುದಿಲ್ಲ, ಮುಂದೆ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ, ಎಂದು. ಹೆಸರು, ಚೆಕ್ಕುಬಂದಿ, ಮೊಬಲಗು ಪತ್ರದಿಂದ ಪತ್ರಕ್ಕೆ ಬದಲಾಗುತ್ತವೆ, ಈ ಒಕ್ಕಣೆ ಮಾತ್ರ ಹಾಗೇ ಉಳಿಯುತ್ತದೆ. ಸಹಿ ಹಾಕುವವರು ಅದನ್ನು ಓದುವುದೂ ಅಪರೂಪ. ಆದರೆ ಆ ಸಾಲು ಪತ್ರದಲ್ಲಿ ಇಲ್ಲದಿದ್ದರೂ ಮಾರುವವರ ಹೊಣೆ ಇದ್ದೇ ಇರುತ್ತದೆ. ಬೇರೆ ರೀತಿ ಒಪ್ಪಂದ ಮಾಡಿಕೊಂಡಿಲ್ಲದಿದ್ದರೆ, ಗೊತ್ತಿರುವ ದೋಷವನ್ನು ಕೊಳ್ಳುವವರಿಗೆ ತಾವಾಗಿಯೇ ಹೇಳಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಬರೆದಿಡಲಾಗಿದೆ.

ಅದಕ್ಕೆ ಹತ್ತು ವರ್ಷ ಮುಂಚೆ, 1872ರ ಕರಾರು ಕಾಯ್ದೆ ಬಂದಾಗ ನಿಲುವು ಬೇರೆಯಿತ್ತು. ಇಂಗ್ಲಿಷರ ಹಳೆಯ ನಿಯಮದ ಪ್ರಕಾರ ಕೊಳ್ಳುವವನೇ ಎಚ್ಚರವಾಗಿರಬೇಕು. ಸುಳ್ಳು ಹೇಳಿದರೆ ವಂಚನೆ, ಸುಮ್ಮನಿದ್ದರೆ ಸಾಮಾನ್ಯವಾಗಿ ಅಲ್ಲ. ಮಾತಾಡುವುದು ಕರ್ತವ್ಯವೇ ಆಗಿರುವ ಕಡೆ ಮಾತ್ರ ಮೌನವೂ ವಂಚನೆಯಾಗಬಹುದು ಎಂದು ಆ ಕಾಯ್ದೆಯ 17ನೇ ಕಲಮು ಒಂದು ಬಾಗಿಲನ್ನು ಅರೆತೆರೆದು ಬಿಟ್ಟಿತ್ತು. ಜಮೀನು, ಮನೆಯ ಮಾರಾಟದ ಮಟ್ಟಿಗೆ ಆ ಕರ್ತವ್ಯ ಯಾವುದು ಎಂದು ಹೇಳಿದ್ದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು. ದೋಷ ಮಹತ್ವದ್ದಾಗಿರಬೇಕು. ಮಾರುವವರಿಗೆ ಅದು ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿರಬಾರದು. ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಅದು ಸಿಗುವಂಥದ್ದಾಗಿರಬಾರದು. ಹಾಗಿದ್ದೂ ಹೇಳದೆ ಬಿಟ್ಟರೆ ಅದು ವಂಚನೆ. ಕಲಮಿನ ಕೊನೆಯಲ್ಲಿ ಆ ಹೆಸರನ್ನೇ ಇಟ್ಟಿದ್ದಾರೆ. ನನಗೆ ಇದು ಇಡೀ ಕಾಯ್ದೆಯಲ್ಲೇ ದೊಡ್ಡ ಮಾತು ಅನ್ನಿಸುತ್ತದೆ. ಇದೇ ಕಲಮು ಕೊಳ್ಳುವವರನ್ನೂ ಬಿಟ್ಟಿಲ್ಲ. ಮಾರುವವರಿಗೆ ಆ ಸ್ವತ್ತಿನಲ್ಲಿ ಇರುವ ಹಕ್ಕು ಅವರು ತಿಳಿದಿರುವುದಕ್ಕಿಂತ ಹೆಚ್ಚಿನದು, ಅದರಿಂದ ಬೆಲೆಯೂ ಏರುತ್ತದೆ ಎಂಬುದು ಕೊಳ್ಳುವವರಿಗೆ ಮಾತ್ರ ಗೊತ್ತಿದ್ದರೆ ಅದನ್ನು ಅವರು ಬಾಯಿಬಿಟ್ಟು ಹೇಳಬೇಕು.

ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ. ಸೈಟಿನ ಅಡಿಯಲ್ಲಿ ಮುಚ್ಚಿಹೋದ ರಾಜಕಾಲುವೆ ಕಾಣುವುದಿಲ್ಲ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ಮನೆ ಕಳೆದುಕೊಂಡವರಲ್ಲಿ ಕೈಯಲ್ಲಿ ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಕಾಗದ ಹಿಡಿದು ನಿಂತವರಿದ್ದರು. ಹಳೆಯ ಗ್ರಾಮನಕ್ಷೆ ತೆಗೆಸಿ ನೋಡುವುದು ಸಾಧಾರಣ ಎಚ್ಚರಿಕೆಯೋ, ಅಸಾಧಾರಣವೋ? ಕಾನೂನಿನ ಆ ಎರಡು ಪದಗಳ ನಡುವೆಯೇ ಎಷ್ಟೋ ಸಂಸಾರಗಳ ದುಡಿಮೆ ಸಿಕ್ಕಿಹಾಕಿಕೊಂಡಿದೆ.

55ನೇ ಕಲಮಿನ ಕಥೆ ತಿರುಗಿದ್ದು 1929ರ ತಿದ್ದುಪಡಿಯಲ್ಲಿ. ಮೂಲ ಕಲಮು ಸ್ವತ್ತಿನ ದೋಷ ಎಂದಷ್ಟೇ ಹೇಳಿತ್ತು, ಹಕ್ಕಿನ ದೋಷವನ್ನು ಬಿಡಿಸಿ ಹೇಳಿರಲಿಲ್ಲ. ಮಾರುವವರು ಮೂಲಪತ್ರ ತೋರಿಸಬೇಕು, ಹಕ್ಕಿನ ಬಗ್ಗೆ ಕೇಳಿದ್ದಕ್ಕೆ ಉತ್ತರ ಕೊಡಬೇಕು ಎಂಬುದು ಬೇರೆ ಉಪಕಲಮುಗಳಲ್ಲಿತ್ತು. ಕೇಳುವುದೇ ಗೊತ್ತಿಲ್ಲದವರ ಗತಿ? 1929ರಲ್ಲಿ, ನಲವತ್ತೇಳು ವರ್ಷಗಳ ನಂತರ, ಮಾರುವವರ ಹಕ್ಕಿನಲ್ಲಿರುವ ದೋಷವನ್ನೂ ಕೇಳದೆಯೇ ಹೇಳಬೇಕು ಎಂಬ ಮಾತು ಸೇರಿತು. ಆದರೆ ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ನೋಂದಣಿಯಾದ ಪತ್ರದಲ್ಲಿರುವುದು ಆಮೇಲೆ ಕೊಳ್ಳುವವರಿಗೆ ಗೊತ್ತಿದ್ದಂತೆಯೇ ಲೆಕ್ಕ ಎಂದಿತು. ಒಂದು ಕೈಯಿಂದ ಮಾರುವವರ ಬಾಯಿ ತೆರೆಸಿ, ಇನ್ನೊಂದು ಕೈಯಿಂದ ಹುಡುಕುವ ಭಾರವನ್ನು ಕೊಳ್ಳುವವರ ಹೆಗಲಿಗೆ ಹೊರಿಸಿದ ಹಾಗಾಯಿತು. ಋಣಭಾರ ಪತ್ರ, ನಮ್ಮ ಬಾಯಲ್ಲಿ ಇಸಿ, ಇಲ್ಲದೆ ಇವತ್ತು ಯಾವ ವ್ಯವಹಾರವೂ ಮುಂದಕ್ಕೆ ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಇಸಿಯಲ್ಲಿ ಎಲ್ಲವೂ ಕಾಣುವುದಿಲ್ಲ ಎಂಬುದು ವಕೀಲರಿಗೆ ಗೊತ್ತು, ಮೊದಲ ಸಲ ಸೈಟು ಕೊಳ್ಳುವವರಿಗೆ ಗೊತ್ತಿಲ್ಲ. ದಶಕಗಳ ಹಿಂದೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಷರತ್ತುಗಳು ಹದಿನೈದು ವರ್ಷದ ಇಸಿಯಲ್ಲಿ ಸಿಗುವುದಿಲ್ಲ. ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಅಸಿಂಧು. ದಲಿತರ ನೆಲ ಕೈತಪ್ಪದಿರಲೆಂದು ಮಾಡಿದ ಕಾಯ್ದೆ ಅದು, ಮಾಡಬೇಕಾದದ್ದೇ. ತಪ್ಪು ಮಂಜೂರಾತಿಯ ಸಂಗತಿಯನ್ನು ನುಂಗಿಕೊಂಡು ನಡುವೆ ಕೈಬದಲಿಸಿದವರದ್ದು. ಇನ್ನು ಬ್ಯಾಂಕಿನಲ್ಲಿ ಮೂಲಪತ್ರ ಇಟ್ಟು ತೆಗೆದ ಸಾಲ. ಆ ಬಗ್ಗೆ ಪತ್ರವೇನೂ ನೋಂದಣಿಯಾಗದಿದ್ದರೆ ಇಸಿ ಅದನ್ನು ತೋರಿಸದು. ಒಂದೇ ಸ್ವತ್ತಿನ ಮೇಲೆ ಹಲವು ಬ್ಯಾಂಕುಗಳಲ್ಲಿ ಸಾಲ ಎತ್ತುವ ವಂಚನೆ ಹೆಚ್ಚಿದ ಮೇಲೆ, ಇಂಥ ಅಡಮಾನಗಳನ್ನು ದಾಖಲಿಸಲು 2011ರಲ್ಲಿ ಸರ್‌ಸೈ ಎಂಬ ಕೇಂದ್ರ ನೋಂದಣಿ ವ್ಯವಸ್ಥೆ ಶುರುವಾಯಿತು.

ಫ್ಲ್ಯಾಟುಗಳ ವಿಷಯಕ್ಕೆ ಕರ್ನಾಟಕ 1972ರಲ್ಲೇ ಕಾಯ್ದೆ ಮಾಡಿ, ಕಟ್ಟಿ ಮಾರುವವರು ಜಮೀನಿನ ಹಕ್ಕು, ಋಣಭಾರ ಎಲ್ಲವನ್ನೂ ಪೂರ್ತಿ ತೆರೆದಿಡಬೇಕು ಎಂದಿತ್ತು. ಅದಕ್ಕೆ ಹಲ್ಲು ಬಂದದ್ದು 2016ರ ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯಿಂದ. ಬಿಲ್ಡರು ಪ್ರಮಾಣಪತ್ರ ಸಲ್ಲಿಸಬೇಕು, ಯೋಜನೆಯ ವಿವರ ಎಲ್ಲರೂ ನೋಡುವಂತೆ ಜಾಲತಾಣದಲ್ಲಿರಬೇಕು, ಮೂರು ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡಬೇಕು. ಸುಳ್ಳು ಮಾಹಿತಿ ಕೊಟ್ಟರೆ ಯೋಜನಾ ವೆಚ್ಚದ ಶೇ 5ರವರೆಗೆ ದಂಡ. ಜಮೀನಿನ ಹಕ್ಕಿನಲ್ಲಿ ದೋಷ ಕಂಡುಬಂದರೆ ಪರಿಹಾರ ಕೇಳಲು ಕಾಲಮಿತಿಯೇ ಇಲ್ಲ. ಹುಡುಕುವ ಭಾರ ಇಳಿದು ಹೇಳುವ ಭಾರ ಏರಿದ್ದು ಇಲ್ಲಿ. ಆದರೆ ಪಕ್ಕದ ಬೀದಿಯವರಿಂದ ಹಳೆಯ ಮನೆ ಕೊಂಡರೆ ರೇರಾ ಬರುವುದಿಲ್ಲ. ಮತ್ತೆ 55ನೇ ಕಲಮೇ ಗತಿ.

ಎಲ್ಲರಿಗಿಂತ ಹಿಂದೆ ಉಳಿದವರು ಭೋಗ್ಯಕ್ಕೆ ಮನೆ ಹಿಡಿದವರು. ಬೆಂಗಳೂರಿನಲ್ಲಿ ಇದನ್ನು ಲೀಸ್ ಅನ್ನುತ್ತಾರೆ. ಮಾಲೀಕರ ಕೈಗೆ ಹಲವು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಹಣ ವಾಪಸು ಪಡೆಯುವ ಪದ್ಧತಿ. ಒಡವೆ ಅಡವಿಟ್ಟು, ಪಿಎಫ್ ತೆಗೆದು ಹಣ ಹೊಂದಿಸಿದವರು ಒಂದು ಬೆಳಿಗ್ಗೆ ಬಾಗಿಲಿಗೆ ಬ್ಯಾಂಕಿನವರು ನೋಟಿಸ್ ಅಂಟಿಸಿದಾಗಷ್ಟೇ ಮನೆ ಸಾಲದಲ್ಲಿದೆ ಎಂದು ತಿಳಿಯುತ್ತಾರೆ. ಸ್ವತ್ತು ವರ್ಗಾವಣೆ ಕಾಯ್ದೆಗೆ 1929ರಲ್ಲೇ ಸೇರಿದ 65ಎ ಕಲಮಿನ ಪ್ರಕಾರ ಅಡಮಾನವಿಟ್ಟ ಮನೆಯನ್ನು ಬಾಡಿಗೆಗೆ ಕೊಡುವವರು ಮುಂಗಡ ಬಾಡಿಗೆಯನ್ನಾಗಲಿ, ಪಗಡಿಯನ್ನಾಗಲಿ ತೆಗೆದುಕೊಳ್ಳುವಂತಿಲ್ಲ. ಭೋಗ್ಯ ನಿಂತಿರುವುದೇ ಮೊದಲು ಕೊಟ್ಟ ಹಣದ ಮೇಲೆ. ಹಾಗಾಗಿ ಬ್ಯಾಂಕಿನ ಎದುರು ಆ ಕರಾರು ನಿಲ್ಲುವುದು ಕಷ್ಟ. ಬಾಡಿಗೆಗೆ ಕೊಡುವವರೂ ತಮಗೆ ಗೊತ್ತಿರುವ ಮರೆಯ ದೋಷವನ್ನು ಹೇಳಬೇಕೆಂದು 108ನೇ ಕಲಮು ಹೇಳುತ್ತದೆ. ಆದರೆ ಅದು ಸ್ವತ್ತಿನ ದೋಷ, ಬಳಸುವ ಉದ್ದೇಶಕ್ಕೆ ಅಡ್ಡಿಯಾಗುವಂಥದ್ದು. ಮಾರಾಟದ ಕಲಮಿಗೆ 1929ರಲ್ಲಿ ಸೇರಿಸಿದ ಹಕ್ಕಿನ ಮಾತನ್ನು ಇದಕ್ಕೆ ಸೇರಿಸಲಿಲ್ಲ, ಇವತ್ತಿಗೂ ಸೇರಿಸಿಲ್ಲ.

ಅದನ್ನು ಸೇರಿಸಬೇಕು. ಅಲ್ಲಿಯವರೆಗೆ ಭೋಗ್ಯದ ಹಣ ಎಣಿಸುವ ಮುನ್ನ ಇಸಿ ತೆಗೆಸಿ, ಸಣ್ಣ ಶುಲ್ಕ ಕಟ್ಟಿ ಸರ್‌ಸೈಯಲ್ಲಿ ಹುಡುಕಿ, ಮೂಲಪತ್ರ ಎಲ್ಲಿದೆ ಎಂದು ಮಾಲೀಕರನ್ನು ನೇರವಾಗಿ ಕೇಳಿ. ಜೆರಾಕ್ಸ್ ತೋರಿಸಿದರೆ ಒಪ್ಪಬೇಡಿ, ಅಸಲನ್ನೇ ಕಣ್ಣಾರೆ ನೋಡಿ. ಮನೆಯ ಮೇಲೆ ಸಾಲವಿಲ್ಲ ಎಂಬ ಮಾತನ್ನು ಕರಾರಿನಲ್ಲೇ ಬರೆಸಿಕೊಂಡು, ವರ್ಷಕ್ಕೆ ಮೀರಿದ ಭೋಗ್ಯವಾದರೆ ಅದನ್ನು ನೋಂದಣಿ ಮಾಡಿಸಿ.